ಹ್ಯಾಂಗ್ ಆಗುವುದು ಬ್ರೌಸರ್ ಅಲ್ಲ

"ಕ್ಯಾಶ್ ಕ್ಲಿಯರ್ ಮಾಡಿದ್ರಾ? ಬೇರೆ ಬ್ರೌಸರ್‌ನಲ್ಲಿ ನೋಡಿ. ಆಗ್ಲಿಲ್ಲಾಂದ್ರೆ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕ್ಕೊಳ್ಳಿ." ಬೆಂಗಳೂರಿನ ಆಫೀಸಾಗಲಿ, ಮಲೆನಾಡಿನ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಾಗಲಿ, ಪ್ರಾಕ್ಸಿ ಹಿಂದೆ ಕೂತವರ ಬ್ಯಾಂಕ್ ಪುಟವೋ ಮೇಲೋ ತೆರೆಯದೆ ಸುತ್ತತೊಡಗಿದರೆ ಸಿಸ್ಟಂ ವಿಭಾಗದವರ ಬಾಯಲ್ಲಿ ಬರುವ ಮಂತ್ರ ಇದು. ಕಣ್ಣೆದುರು ನಿಂತದ್ದು ಬ್ರೌಸರ್, ಹಾಗಾಗಿ ಕೆಟ್ಟಿರುವುದೂ ಅದೇ ಎಂಬ ನಂಬಿಕೆ ಇದರ ಬೇರು. ಈ ನಂಬಿಕೆ ಬಹುಪಾಲು ಸುಳ್ಳು. ಬ್ರೌಸರ್ ಕೆಟ್ಟಿಲ್ಲ, ಕಾಯುತ್ತಿದೆ. ಯಾರಿಗಾಗಿ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಮಾಮೂಲಿ ಎಚ್‌ಟಿಟಿಪಿ ಪುಟ ತೆರೆಯುತ್ತದೆ, ಎಚ್‌ಟಿಟಿಪಿಎಸ್ ಪುಟವೇ ನಿಲ್ಲುತ್ತದೆ. ಏಕೆ? ಮೊದಲನೆಯದರಲ್ಲಿ ಪ್ರಾಕ್ಸಿ ನಮ್ಮ ಪರವಾಗಿ ಪುಟ ತಂದುಕೊಡುತ್ತದೆ. ತರಲಾಗದಿದ್ದರೆ ತನ್ನದೇ ಪುಟದಲ್ಲಿ ಕಾರಣ ಬರೆದು ತೋರಿಸುತ್ತದೆ. ಎರಡನೆಯದರಲ್ಲಿ ಬ್ರೌಸರ್ 'ಕನೆಕ್ಟ್' ಎಂಬ ಆಜ್ಞೆ ಕಳಿಸಿ, ಸೈಟಿನವರೆಗೆ ಒಂದು ಟನೆಲ್ ಕೊರೆದುಕೊಡು ಎನ್ನುತ್ತದೆ. ಪ್ರಾಕ್ಸಿ 200 ಎಂದು ಉತ್ತರಿಸಿದರೆ ಅಲ್ಲಿಂದಾಚೆಗೆ ಅದರ ಬಾಯಿ ಬಂದ್. ಒಳಗೆ ಹರಿಯುವುದು ಗೂಢಲಿಪಿ. ಟನೆಲ್ ಕೊಡಲಾಗದೆ ಪ್ರಾಕ್ಸಿ ಕಾರಣ ಬರೆದು ಕಳಿಸಿದರೂ ಇಂದಿನ ಬ್ರೌಸರ್‌ಗಳು ಆ ಬರಹವನ್ನು ತೋರಿಸುವುದಿಲ್ಲ, ಏಕೆಂದರೆ ಬ್ಯಾಂಕಿನ ವಿಳಾಸದಡಿ ಪ್ರಾಕ್ಸಿ ಬರೆದದ್ದನ್ನು ತೋರಿಸುವುದೇ ಅಪಾಯ. ಭದ್ರತೆಗಾಗಿ ಮಾಡಿದ ಈ ಸರಿಯಾದ ನಿರ್ಧಾರದಿಂದಾಗಿ ಬಳಕೆದಾರನಿಗೆ ಕಾಣುವುದು ಸುತ್ತುವ ಚಕ್ರ, ಕೊನೆಗೆ ಪ್ರಾಕ್ಸಿಯ ಕಾರಣ ಹೇಳದ ಬ್ರೌಸರಿನ ಎರರ್ ಪುಟ.

ಆದರೂ ಬ್ರೌಸರ್ ಪೂರ್ತಿ ಮೂಕವಲ್ಲ. ಕ್ರೋಮ್‌ನ ಎಡಗಡೆ ಕೆಳಮೂಲೆಯಲ್ಲಿ ಬೂದು ಬಣ್ಣದ ಸಣ್ಣ ಸಾಲೊಂದು ಮೂಡುತ್ತದೆ. ಅದನ್ನು ಓದುವವರೇ ಇಲ್ಲ, ರೋಗದ ಹೆಸರು ಬರೆದಿರುವುದು ಮಾತ್ರ ಅಲ್ಲೇ. 'ರಿಸಾಲ್ವಿಂಗ್ ಪ್ರಾಕ್ಸಿ' ಎಂದು ನಿಂತರೆ, ಯಾವ ಪ್ರಾಕ್ಸಿಗೆ ಹೋಗಬೇಕೆಂಬುದೇ ಇನ್ನೂ ತೀರ್ಮಾನವಾಗಿಲ್ಲ. ಅದನ್ನು ತೀರ್ಮಾನಿಸುವ ಪ್ಯಾಕ್ ಫೈಲ್ ನೋಡಬೇಕು. ನೆಟ್‌ಸ್ಕೇಪ್ 1996ರಲ್ಲಿ ತಂದ ಈ ಪುಟ್ಟ ಸ್ಕ್ರಿಪ್ಟಿನಲ್ಲಿ ಯಾರೋ ಯಾವಾಗಲೋ ಸೇರಿಸಿದ ಐಪಿ ಪರೀಕ್ಷೆಯ ಒಂದು ಸಾಲು ಸಾಕು, ಪ್ರತಿ ವಿಳಾಸಕ್ಕೂ ಡಿಎನ್‌ಎಸ್ ಕೇಳುತ್ತದೆ. ಹೊರಗಿನ ಹೆಸರು ಗೊತ್ತಿಲ್ಲದ ಒಳಗಿನ ಡಿಎನ್‌ಎಸ್ ಉತ್ತರಿಸದೆ ಕೂತರೆ ಪುಟವೂ ಕೂರುತ್ತದೆ. 'ವೇಟಿಂಗ್ ಫಾರ್ ಪ್ರಾಕ್ಸಿ ಟನೆಲ್' ಎಂದಿದ್ದರೆ ಪ್ರಾಕ್ಸಿಯಿಂದಾಚೆಗಿನ ದಾರಿ ಕಟ್ಟಿದೆ. ಸ್ಕ್ವಿಡ್ ಎಂಬ ಪ್ರಾಕ್ಸಿ ತಂತ್ರಾಂಶ ಬಳಸುವಲ್ಲಿ ಹೆಚ್ಚುಕಡಿಮೆ ಒಂದು ನಿಮಿಷ ಸುತ್ತಿ ಆಮೇಲೆ ಎರರ್ ಬಂದರೆ ಅನುಮಾನವೇ ಬೇಡ, ಹೊರಗಿನ ಸರ್ವರ್‌ಗಾಗಿ ಸ್ಕ್ವಿಡ್ ಕಾಯುವ ಮಾಮೂಲಿ ಗಡುವೇ ಒಂದು ನಿಮಿಷ. 'ಎಸ್ಟಾಬ್ಲಿಷಿಂಗ್ ಸೆಕ್ಯೂರ್ ಕನೆಕ್ಷನ್' ಎಂದು ನಿಂತರೆ ಟನೆಲ್ ಸಿಕ್ಕಿದೆ, ಗೂಢಲಿಪಿ ಹೊಂದಿಸುವ ಟಿಎಲ್‌ಎಸ್ ಮಾತುಕತೆ ನಡುವೆ ಸಿಕ್ಕಿಕೊಂಡಿದೆ. ಈ ಮೂರರಲ್ಲಿ ಯಾವುದಕ್ಕೂ ಕ್ಯಾಶ್ ಕ್ಲಿಯರ್ ಮದ್ದಲ್ಲ.

"ಆದರೆ ನಮ್ಮಲ್ಲಿ ಸರಿಹೋಯ್ತಲ್ಲ!" ಎನ್ನುವವರಿದ್ದಾರೆ. ಸರಿಹೋಗುತ್ತದೆ, ನಿಜ. ಕ್ರೋಮ್ ಒಂದು ಪ್ರಾಕ್ಸಿಗೆ ಒಟ್ಟಿಗೆ 32 ಕನೆಕ್ಷನ್‌ಗಳಿಗಿಂತ ಹೆಚ್ಚು ತೆರೆಯುವುದಿಲ್ಲ, ಆಡಳಿತದವರು ಬದಲಿಸದ ಹೊರತು. ಮೇಲ್, ಚಾಟ್, ಡ್ಯಾಶ್‌ಬೋರ್ಡ್ ಟ್ಯಾಬ್‌ಗಳು ತಮ್ಮ ಕನೆಕ್ಷನ್‌ಗಳನ್ನು ಬಿಡದೆ ಹಿಡಿದುಕೊಂಡು ಆ ಸಂಖ್ಯೆ ತುಂಬಿತೆಂದರೆ ಮುಂದಿನ ಪುಟ ಸರದಿಯಲ್ಲಿ ನಿಲ್ಲುತ್ತದೆ. ಕ್ಯಾಶ್ ಕ್ಲಿಯರ್ ಮಾಡಿದವರು ಬ್ರೌಸರನ್ನು ಒಮ್ಮೆ ಮುಚ್ಚಿಯೂ ಇರುತ್ತಾರೆ. ಕನೆಕ್ಷನ್‌ಗಳು ಕಡಿದುಬೀಳುತ್ತವೆ, ಪುಟ ತೆರೆಯುತ್ತದೆ, ಹೆಸರು ಕ್ಯಾಶಿಗೆ. ಬೇರೆ ಬ್ರೌಸರ್‌ನಲ್ಲಿ ತೆರೆದರೆ ಅದು ಈ ಬ್ರೌಸರಿನ ತಪ್ಪಿಗೆ ಸಾಕ್ಷಿಯೂ ಅಲ್ಲ. ಫೈರ್‌ಫಾಕ್ಸ್‌ಗೆ ತನ್ನದೇ ಪ್ರಾಕ್ಸಿ ಸೆಟ್ಟಿಂಗ್ ಕೊಡಬಹುದು, ಅದು ಟಿಎಲ್‌ಎಸ್ ಮಾತು ಶುರುಮಾಡುವ ರೀತಿಯೂ ಬೇರೆ.

"ಅಪ್‌ಡೇಟ್ ಆದಮೇಲೆ ಹೀಗಾಯ್ತು, ಅಪ್‌ಡೇಟೇ ಸರಿಯಿಲ್ಲ" ಎಂಬುದು ಇನ್ನೊಂದು ವಾದ. ಕೇಳಲು ತರ್ಕಬದ್ಧ. ಆದರೆ 2017ರ ಕ್ರೋಮ್ 56 ನೆನಪಿಸಿಕೊಳ್ಳಿ. ಅದು ಟಿಎಲ್‌ಎಸ್ 1.3ರ ಕರಡನ್ನು ಚಾಲೂ ಮಾಡಿದ್ದೇ ತಡ, ಅಮೆರಿಕದ ಮೇರಿಲ್ಯಾಂಡ್‌ನ ಮಾಂಟ್‌ಗೊಮೆರಿ ಕೌಂಟಿಯ ಶಾಲೆಗಳಲ್ಲಿ ಸಾವಿರಾರು ಕ್ರೋಮ್‌ಬುಕ್‌ಗಳು ಕೈಕೊಟ್ಟವು. ಕಾರಣ ನಡುವೆ ಇದ್ದ ಬ್ಲೂ ಕೋಟ್ ಪ್ರಾಕ್ಸಿ. 'ನನಗೆ 1.3 ಬಾರದು, 1.2ರಲ್ಲಿ ಮಾತಾಡೋಣ' ಎನ್ನಬೇಕಾದ ಪೆಟ್ಟಿಗೆ ಕರೆಯನ್ನೇ ಕಡಿದುಹಾಕುತ್ತಿತ್ತು. ಗೂಗಲ್ ಹಿಂದೆ ಸರಿಯಿತು. ಕೊನೆಗೆ ಆಗಸ್ಟ್ 2018ರಲ್ಲಿ ಪ್ರಕಟವಾದ ಟಿಎಲ್‌ಎಸ್ 1.3, ಇಂಥ ಪೆಟ್ಟಿಗೆಗಳ ಕಣ್ಣಿಗೆ 1.2ರಂತೆಯೇ ಕಾಣುವ ವೇಷ ಹಾಕಿಕೊಂಡು ಬಂತು. ಜಗತ್ತಿನ ಭದ್ರತೆಯ ನಿಯಮವೇ ಹಳೆಯ ಪೆಟ್ಟಿಗೆಗಳಿಗೆ ತಲೆಬಾಗಬೇಕಾಯಿತು!

2024ರ ಏಪ್ರಿಲ್‌ನಲ್ಲಿ ಬಂದ ಕ್ರೋಮ್ 124ರದೂ ಇದೇ ಕಥೆ. ಕ್ವಾಂಟಂ ಕಂಪ್ಯೂಟರ್‌ಗಳಿಗೂ ಜಗ್ಗದ ಕೀಲಿ ವಿನಿಮಯವನ್ನು ಅದು ಶುರುಮಾಡಿತು. ಈ ಕೀಲಿಯೊಂದೇ 1,184 ಬೈಟ್. ಹೀಗಾಗಿ ಬ್ರೌಸರಿನ ಮೊದಲ ನಮಸ್ಕಾರವೇ ಒಂದು ಪ್ಯಾಕೆಟ್ಟಿನಲ್ಲಿ ಹಿಡಿಸದಾಯಿತು. ಒಂದೇ ಸಲಕ್ಕೆ ಓದಿದರೆ ಇಡೀ ಸಂದೇಶ ಬಂದಿರುತ್ತದೆ ಎಂದು ನಂಬಿ ಬರೆದ ಕೆಲವು ಫೈರ್‌ವಾಲ್‌ಗಳು, ಸರ್ವರ್‌ಗಳು ಅಲ್ಲೇ ಮುಗ್ಗರಿಸಿದವು. ಟಿಸಿಪಿ ಅಂಥ ಭರವಸೆಯನ್ನು ಎಂದೂ ಕೊಟ್ಟಿರಲಿಲ್ಲ. ಆದರೂ ಊರೆಲ್ಲ ಕೊಟ್ಟ ಪರಿಹಾರ, ಬ್ರೌಸರಿನಲ್ಲಿ ಆ ಸೌಲಭ್ಯ ಆಫ್ ಮಾಡುವುದು.

ನನ್ನ ಮುಖ್ಯ ತಕರಾರು ಇರುವುದು ಫೈರ್‌ವಾಲಿನ ಡ್ರಾಪ್ ನಿಯಮದ ಮೇಲೆ. ಬೇಡದ ಪ್ಯಾಕೆಟ್ಟಿಗೆ ಉತ್ತರವನ್ನೇ ಕೊಡದೆ ನುಂಗಿಬಿಡುವುದು ಹೆಚ್ಚು ಸುರಕ್ಷಿತ ಎಂಬುದು ನೆಟ್‌ವರ್ಕ್ ಬಲ್ಲವರ ಸ್ವೀಕೃತ ಜಾಣತನ. ಹೊರಗಿನ ಅಪರಿಚಿತರ ಮಟ್ಟಿಗೆ ಅದಕ್ಕೊಂದು ಅರ್ಥವಿದೆ. ಒಳಗಿನ ನೌಕರರ, ವಿದ್ಯಾರ್ಥಿಗಳ ಯಂತ್ರಗಳಿಂದ ಏನನ್ನು ಬಚ್ಚಿಡಬೇಕು? ಕಚೇರಿಯ ಕಿಟಕಿಯಲ್ಲಿ "ಇವತ್ತು ಆಗೋದಿಲ್ಲ" ಎಂದರೆ ಮನೆಗೆ ಹೋಗಬಹುದು. ಏನೂ ಹೇಳದೆ ಕೂತರೆ ಸಂಜೆವರೆಗೆ ನಿಲ್ಲಬೇಕು. ಲಿನಕ್ಸ್ ಯಂತ್ರವೊಂದರ ಕರೆ ಹೀಗೆ ಡ್ರಾಪ್ ಆದರೆ ಅದು ಮಾಮೂಲಿಯಾಗಿ ಮತ್ತೆ ಮತ್ತೆ ಕೂಗಿ, ಸುಮಾರು ಎರಡು ನಿಮಿಷ ಕಾದು ಸೋಲೊಪ್ಪುತ್ತದೆ. ರಿಜೆಕ್ಟ್ ಎಂದು ಹೇಳಿಸಿಕೊಂಡರೆ ಕಣ್ಣು ಮಿಟುಕಿಸುವುದರೊಳಗೆ ಎರರ್ ತೋರಿಸುತ್ತದೆ. ಐಸಿಎಂಪಿಯನ್ನೂ ಸಾರಾಸಗಟು ಡ್ರಾಪ್ ಮಾಡುವವರಿದ್ದಾರೆ. 'ಪ್ಯಾಕೆಟ್ ದೊಡ್ಡದಾಯಿತು, ಚಿಕ್ಕದು ಮಾಡು' ಎಂಬ ಎಚ್ಚರಿಕೆ ಬರುವುದೇ ಅದರಲ್ಲಿ. ಅದೂ ಹೋದಮೇಲೆ ಸರ್ಟಿಫಿಕೇಟ್ ಹೊತ್ತ ದಪ್ಪ ಪ್ಯಾಕೆಟ್‌ಗಳು ದಾರಿಯಲ್ಲೇ ಮಾಯ.

ಮೌನದ ಬೆಲೆ ಎಷ್ಟೆಂದು 2020ರ ನವೆಂಬರ್ 12ರಂದು ಮ್ಯಾಕ್ ಬಳಸುವ ಅನೇಕರು ಕಂಡರು. ಆಪ್‌ಗಳ ಸರ್ಟಿಫಿಕೇಟ್ ರದ್ದಾಗಿದೆಯೇ ಎಂದು ಪರೀಕ್ಷಿಸುವ ಆಪಲ್‌ನ ಸರ್ವರ್ ಅಂದು ತೀರಾ ನಿಧಾನವಾಯಿತು. ಆಪ್‌ಗಳು ತೆರೆಯದೆ ಒದ್ದಾಡಿದವು. ಸರ್ವರ್ ಸಿಗದಿದ್ದರೆ ಪರೀಕ್ಷೆ ಬಿಟ್ಟು ಮುಂದೆ ಹೋಗುವ ವ್ಯವಸ್ಥೆ ಇತ್ತು. ಸಿಕ್ಕಿಯೂ ಉತ್ತರಿಸದಿದ್ದರೆ? ಅದಕ್ಕೆ ಸಿದ್ಧತೆ ಇರಲಿಲ್ಲ. ಇಂಟರ್ನೆಟ್ ಕಿತ್ತುಹಾಕಿದವರ ಮ್ಯಾಕ್‌ಗಳಲ್ಲಿ ಅವೇ ಆಪ್‌ಗಳು ತೆರೆದವು.

 

ನೆಟ್‌ವರ್ಕ್ ನೋಡಿಕೊಳ್ಳುವವರಲ್ಲಿ ಒಂದು ಕೋರಿಕೆ. ಒಳಗಿನ ಜಾಲಕ್ಕೆ ಬರೆದ ಡ್ರಾಪ್‌ಗಳನ್ನು ರಿಜೆಕ್ಟ್‌ಗಳಾಗಿ ಬದಲಿಸಿ. ಪ್ಯಾಕ್ ಫೈಲನ್ನು ಒಮ್ಮೆ ಪೂರ್ತಿ ಓದಿ. ಬ್ರೌಸರ್ ಹಿಂದಿನ ಆವೃತ್ತಿಗೆ ಇಳಿಸುವ ಮೊದಲು ಪ್ರಾಕ್ಸಿಯ ಫರ್ಮ್‌ವೇರ್ ಯಾವ ವರ್ಷದ್ದೆಂದು ನೋಡಿ. ದೂರು ಕೊಡುವವರು "ನೆಟ್ ಹ್ಯಾಂಗ್ ಆಗಿದೆ" ಎಂದಷ್ಟೇ ಬರೆಯಬೇಡಿ, ಎಡಮೂಲೆಯ ಆ ಸಾಲನ್ನೂ ಬರೆದು ಕಳಿಸಿ.