ಉಚಿತ ಶಿಕ್ಷಣದ ಶಾಸನದಲ್ಲಿ ಗುಣವಿಚಾರ

ಪ್ರಾಥಮಿಕ ವಿದ್ಯಾಭ್ಯಾಸವನ್ನು ಉಚಿತವಾಗಿ ಒದಗಿಸಿದುದರಿಂದಲೇ ಅದರ ಗುಣವು ಕುಗ್ಗಿತೆಂಬ ಮಾತು ವಿದ್ಯಾವಂತರ ಗೋಷ್ಠಿಗಳಲ್ಲಿ ಪದೇ ಪದೇ ಕೇಳಿಬರುತ್ತದೆ. 2009ರಲ್ಲಿ ಅಂಗೀಕೃತವಾಗಿ 2010ನೆಯ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಶಾಸನವನ್ನು ಮುಂದಿಟ್ಟುಕೊಂಡು ಈ ಅಭಿಪ್ರಾಯವನ್ನು ಪರಾಮರ್ಶಿಸಬೇಕಾಗಿದೆ. ಶಾಸನವೂ ಒಂದು ಗ್ರಂಥವೇ. ಅದರ ಶಬ್ದಗಳಿಗೂ ಅರ್ಥವಿಮರ್ಶೆ ಸಲ್ಲತಕ್ಕದ್ದು.

'ಉಚಿತ'ವೆಂದರೆ ಸಂಸ್ಕೃತದಲ್ಲಿ ತಕ್ಕುದು, ಯೋಗ್ಯವಾದುದು. ಕ್ಷೇಮೇಂದ್ರನ ಔಚಿತ್ಯವಿಚಾರವು ನಿಂತಿರುವುದು ಈ ಅರ್ಥದ ಮೇಲೆಯೇ. ಬೆಲೆಯಿಲ್ಲದೆ ದೊರೆಯುವುದೆಂಬುದು ಕನ್ನಡದ ರೂಢಿ. ಶಾಸನವು ಈ ರೂಢಾರ್ಥವನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ನಿರೂಪಿಸಿದೆ: ಮಗುವಿನ ಕಲಿಕೆಗೆ ಅಡ್ಡಿಯಾಗುವ ಯಾವ ಶುಲ್ಕವನ್ನೂ ಕೇಳಕೂಡದು. ಯೋಗ್ಯತೆಯ ವಿಷಯದಲ್ಲಿಯಾದರೋ, ಒಳ್ಳೆಯ ಗುಣದ ಶಿಕ್ಷಣವನ್ನು ಒದಗಿಸುವುದು ಸರ್ಕಾರದ ಕರ್ತವ್ಯವೆಂದು 8ನೆಯ ಪ್ರಕರಣದಲ್ಲಿ ಸಾರಿ, ಆ ಗುಣದ ಅಳತೆಗೋಲನ್ನು ಕೊನೆಯ ಅನುಸೂಚಿಯಲ್ಲಿಟ್ಟಿದೆ.

ಅಲ್ಲಿ ಕಾಣುವುದೇನು? ಮೊದಲ ಐದು ತರಗತಿಗಳಿಗೆ ವರ್ಷಕ್ಕೆ 200 ದಿನ, 800 ಗಂಟೆಗಳ ಬೋಧನೆ. ಕೊಠಡಿ, ಶೌಚಾಲಯ, ಆಟದ ಬಯಲು, ಪುಸ್ತಕಭಂಡಾರ. ಎಲ್ಲವೂ ಅವಶ್ಯವೇ. ಐದನೆಯ ತರಗತಿಯನ್ನು ಮುಗಿಸಿದ ಮಗು ಏನನ್ನು ಓದಬಲ್ಲುದೆಂಬ ಮಾತು ಮಾತ್ರ ಇಲ್ಲ. ತರಗತಿವಾರು ಕಲಿಕೆಯ ಫಲಗಳ ಪ್ರಸ್ತಾಪವು ಕೇಂದ್ರ ನಿಯಮಗಳಲ್ಲಿ ಸೇರಿದ್ದು 2017ರಲ್ಲಿ.

ಇದಕ್ಕಿಂತಲೂ ಚಿಂತನೀಯವಾದುದು ಉಪಾಧ್ಯಾಯರ ಲೆಕ್ಕ. ಮೊದಲ ಐದು ತರಗತಿಗಳಲ್ಲಿ ಒಟ್ಟು 60 ಮಕ್ಕಳವರೆಗೆ ಇಬ್ಬರು, 61ರಿಂದ 90ರವರೆಗೆ ಮೂವರು. ಮೂವತ್ತು ಮಕ್ಕಳಿಗೊಬ್ಬರೆಂದರೆ ಕಿವಿಗೆ ಹಿತವೇ. ಆದರೆ ತರಗತಿಗಳು ಐದು! ಒಂದನೆಯವರಿಗೆ ಅಕ್ಷರ ತಿದ್ದಿಸುವ ಕೈಯೇ ಅದೇ ಗಳಿಗೆಯಲ್ಲಿ ಮೂರನೆಯವರ ಲೆಕ್ಕವನ್ನೂ ನೋಡಬೇಕು. ಇಬ್ಬರಲ್ಲೊಬ್ಬರು ರಜೆಯಲ್ಲಿದ್ದ ದಿನದ ಪಾಡನ್ನು ಹಳ್ಳಿಯ ಶಾಲೆಗಳನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. 61 ಮಕ್ಕಳ ಶಾಲೆಯಿಂದ ಒಂದೇ ಮಗು ಊರಾಚೆಯ ಶುಲ್ಕದ ಶಾಲೆಗೆ ಹೋದರೂ ಶಾಸನದ ಲೆಕ್ಕದಂತೆ ಮೂರನೆಯ ಉಪಾಧ್ಯಾಯರು ಅಧಿಕವಾಗುತ್ತಾರೆ. ಅವರು ಹೋದ ಮೇಲೆ ಉಳಿದ ತಾಯಿತಂದೆಗಳಿಗೂ ಆ ದಾರಿಯೇ ಲೇಸೆಂದು ತೋರುವುದು ಸಹಜ. ಈ ಕ್ಷಯಕ್ಕೆ ಶುಲ್ಕವಿಲ್ಲದಿರುವುದು ಕಾರಣವೆನ್ನುವುದು ರೋಗಿಯ ಬಡತನವನ್ನೇ ರೋಗವೆಂದಂತೆ.

ಪ್ರತಿಪಕ್ಷದ ಒಂದು ವಾದಕ್ಕೆ ಬಲವುಂಟೆಂದು ಒಪ್ಪಬೇಕು: ಹಣ ತೆತ್ತವನು ಪ್ರಶ್ನಿಸುತ್ತಾನೆ, ತೆರದವನು ಸುಮ್ಮನಿರುತ್ತಾನೆ. ಇದನ್ನರಿತೇ ಶಾಸನವು ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಸ್ಥಾನಗಳನ್ನು ಪೋಷಕರಿಗೆ ಮೀಸಲಿಟ್ಟಿತು. ಆದರೆ ಸಮಿತಿಯು ಮೂರನೆಯ ಉಪಾಧ್ಯಾಯರನ್ನು ಕೇಳಬಹುದೇ ಹೊರತು ನೇಮಿಸಲಾರದು.

ಬಹುತರಗತಿಯ ಬೋಧನೆ ಅಸಾಧ್ಯವೆಂದು ನಮ್ಮ ಅಭಿಪ್ರಾಯವಲ್ಲ. ಹೆಗ್ಗಡದೇವನಕೋಟೆಯಲ್ಲಿ 1990ರ ದಶಕದಲ್ಲಿ ಮೊಳೆತ ನಲಿ-ಕಲಿಯು, ಬೇರೆ ಬೇರೆ ಮಟ್ಟದ ಮಕ್ಕಳು ಒಂದೇ ಕೊಠಡಿಯಲ್ಲಿ ಕಾರ್ಡುಗಳ ನೆರವಿನಿಂದ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಕ್ರಮವನ್ನು ರೂಪಿಸಿತು. ಅದು ಕೆಳಗಿನ ತರಗತಿಗಳ ಪದ್ಧತಿ. ನಾಲ್ಕು ಮತ್ತು ಐದನೆಯ ತರಗತಿಗಳಿಗೂ ಸೇರಿ ಇನ್ನೊಬ್ಬರು ಉಪಾಧ್ಯಾಯರು ಉಳಿಯುತ್ತಾರೆ. ಮುಖ್ಯೋಪಾಧ್ಯಾಯರ ದಫ್ತರವೂ ಬಿಸಿಯೂಟದ ಲೆಕ್ಕವೂ ಆ ಇಬ್ಬರ ಪಾಲಿನವೇ. ಇಪ್ಪತ್ತು ಮಕ್ಕಳಿಗೆ ಐವರನ್ನು ನೇಮಿಸೆಂದು ಬೊಕ್ಕಸವನ್ನು ಕೇಳುವುದು ಅತಿಯಾದೀತು. ಮಕ್ಕಳೆಷ್ಟೇ ಇರಲಿ, ಐದು ತರಗತಿಗಳ ಶಾಲೆಗೆ ಮೂವರಿಗೆ ಕಡಿಮೆಯಿರಕೂಡದೆಂದು ಅನುಸೂಚಿಯ ಆ ಒಂದು ಪಂಕ್ತಿಯನ್ನು ತಿದ್ದುವುದು ಮಾತ್ರ ಅತಿಯಲ್ಲ.