ಡಾಕ್ಟರರು ಹೊರಟುಹೋದ ಮೇಲೆ
(‘ಮಂಥನ್’ ಚಿತ್ರವನ್ನು ಕುರಿತು)

ಕಚೇರಿ, ಕಾರ್ಖಾನೆ, ಬ್ಯಾಂಕುಗಳಲ್ಲಿ ದುಡಿಯುವ ನಮ್ಮವರಿಗೆ ‘ಹೊಸ ಸಾಹೇಬರು’ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಅವರು ಬಂದ ವಾರದಲ್ಲೇ ಮೇಜು-ಕುರ್ಚಿಗಳ ಜಾಗ ಬದಲಾಗುತ್ತದೆ, ಹೊಸ ರಿಜಿಸ್ಟರುಗಳು ಹುಟ್ಟಿಕೊಳ್ಳುತ್ತವೆ, ಭಾಷಣಗಳಾಗುತ್ತವೆ. ಎರಡು-ಮೂರು ವರ್ಷಗಳಲ್ಲಿ ಸಾಹೇಬರಿಗೆ ವರ್ಗವಾಗುತ್ತದೆ. ರಿಜಿಸ್ಟರುಗಳು ಕಪಾಟು ಸೇರುತ್ತವೆ. ಎಲ್ಲವೂ ಹಳೆಯ ಜಾಡಿಗೆ ಮರಳುತ್ತದೆ. ಮುಂದಾಳುವಿನ ಪರೀಕ್ಷೆ ಆರಂಭವಾಗುವುದೇ ಅವನು ಕುರ್ಚಿ ಬಿಟ್ಟ ಮರುದಿನ. ಈ ವಿಷಯವನ್ನು ಮನಮುಟ್ಟುವಂತೆ ಹೇಳಿದ ಚಿತ್ರ ಶ್ಯಾಮ್ ಬೆನೆಗಲ್ ಅವರ ‘ಮಂಥನ್’ (1976). ಫಿಲ್ಮ್ ಹೆರಿಟೇಜ್ ಫೌಂಡೇಶನ್ ಈ ಹಳೆಯ ಚಿತ್ರವನ್ನು ಜೀರ್ಣೋದ್ಧಾರ ಮಾಡಿ, 2024ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ತೋರಿಸಿತು. ಗಿರೀಶ ಕಾರ್ನಾಡ ಹಾಗೂ ಅನಂತನಾಗ್ ಇದರಲ್ಲಿ ಅಭಿನಯಿಸಿರುವುದರಿಂದ ಕನ್ನಡಿಗರಿಗೆ ಇದು ಹೇಗೂ ಮನೆಯ ಚಿತ್ರವೇ.

ಗುಜರಾತಿನ ಹಾಲು ಸಹಕಾರಿ ಸಂಘಗಳ 5 ಲಕ್ಷ ಸದಸ್ಯರು ತಲಾ 2 ರೂಪಾಯಿ ಕೊಟ್ಟು ಈ ಚಿತ್ರವನ್ನು ನಿರ್ಮಿಸಿದರು. ಕಥೆಯಲ್ಲಿ ‘ಅಮುಲ್’ನ ವರ್ಗೀಸ್ ಕುರಿಯನ್ ಅವರ ಪಾಲೂ ಇತ್ತು. ಇಂತಹ ಚಿತ್ರ ಜಾಹೀರಾತಾಗಿಬಿಡುವ ಅಪಾಯವಿತ್ತು. ಹಾಗಾಗಲಿಲ್ಲವೆಂಬುದು ಬೆನೆಗಲ್ ಅವರ ಹಾಗೂ ಚಿತ್ರಕಥೆ ಬರೆದ ವಿಜಯ ತೆಂಡೂಲ್ಕರ್ ಅವರ ಹೆಚ್ಚಳ. ಹಣ ಕೊಟ್ಟವರ ಚಳವಳಿಯನ್ನು ಹೊಗಳುವ ಬದಲು ಅದರ ಸೋಲುಗಳನ್ನೇ ಅವರು ಮುಂದಿಟ್ಟರು.

ಕಥೆ ಸರಳ. ಪಶುವೈದ್ಯ ಡಾ. ರಾವ್ (ಕಾರ್ನಾಡ) ಗುಜರಾತಿನ ಹಳ್ಳಿಯೊಂದಕ್ಕೆ ಹಾಲಿನ ಸಹಕಾರಿ ಸಂಘ ಕಟ್ಟಲು ಬರುತ್ತಾನೆ. ಅಲ್ಲಿ ಖಾಸಗಿ ಡೇರಿಯ ಮಿಶ್ರಾ (ಅಮರೀಶ್ ಪುರಿ) ಅಗ್ಗದ ದರಕ್ಕೆ ಹಾಲು ಕೊಳ್ಳುತ್ತಿದ್ದಾನೆ. ಸರಪಂಚನ (ಕುಲಭೂಷಣ ಖರಬಂದಾ) ಮಾತಿಗೆ ಎದುರಿಲ್ಲ. ದಲಿತ ಕೇರಿಯ ಭೋಲಾನಿಗೆ (ನಾಸಿರುದ್ದೀನ್ ಶಾ) ಪಟ್ಟಣದವರೆಂದರೆ ಮೈಯೆಲ್ಲ ಉರಿ. ಸಂಘ ಏಳುತ್ತದೆ, ಚುನಾವಣೆಯಲ್ಲಿ ಸರಪಂಚ ಸೋಲುತ್ತಾನೆ, ಸೇಡಿನಲ್ಲಿ ಕೇರಿ ಸುಡುತ್ತದೆ, ಕೊನೆಗೆ ರಾವ್ ಊರು ಬಿಡಬೇಕಾಗುತ್ತದೆ.

ಚಿತ್ರದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡದ್ದು ಹಾಲು ಅಳೆಯುವ ಮೇಜು. ಹಾಲಿನ ಕೊಬ್ಬಿನ ಅಂಶವನ್ನು ಪರೀಕ್ಷಿಸಿ ಅದಕ್ಕೆ ತಕ್ಕ ಬೆಲೆ ಕೊಡಬೇಕು. ಯಾರೇ ಬರಲಿ, ಸಾಲಿನಲ್ಲಿ ನಿಲ್ಲಬೇಕು. ಪರೀಕ್ಷೆಯ ನಳಿಕೆಗೆ ಜಾತಿ ತಿಳಿಯದು. ದುಡಿಯುವ ಜಾಗದಲ್ಲಿ ಬದಲಾವಣೆ ನೆಲೆಗೊಳ್ಳುವುದು ಹೀಗೆ: ದಿನಕ್ಕೆರಡು ಬಾರಿ, ಎಲ್ಲರ ಕಣ್ಣೆದುರು, ಒಂದೇ ಅಳತೆ. ಭಾಷಣವನ್ನು ಜನ ಮರೆತಾರು, ತಮ್ಮ ಹಾಲಿಗೆ ನ್ಯಾಯವಾಗಿ ಬಂದ ಲೆಕ್ಕವನ್ನು ಮರೆಯಲಾರರು.

ಆದರೆ ರಾವ್‌ಗೆ ಅವಸರ. ಸಹೋದ್ಯೋಗಿ ದೇಶಮುಖ್ (ಮೋಹನ್ ಅಗಾಶೆ) ಹಳ್ಳಿಯ ಜಾತಿ ಜಗಳಕ್ಕೆ ಕೈಹಾಕಬೇಡವೆಂದು ಎಚ್ಚರಿಸುತ್ತಾನೆ. ದೇಶಮುಖನದು ಅಂಜುಬುರುಕ ಗುಮಾಸ್ತನ ಬುದ್ಧಿಯೆಂದು ತಳ್ಳಿಹಾಕುವುದು ಸುಲಭ. ಆದರೂ ಅವನ ಮಾತಿನಲ್ಲಿ ಒಂದು ಸತ್ಯವಿದೆ: ಸರಪಂಚನ ಸೋಲಿಗೆ ಬೆಲೆ ತೆತ್ತವರು ಡಾಕ್ಟರರಲ್ಲ, ಗುಡಿಸಲು ಕಳೆದುಕೊಂಡವರು. ಅನುಯಾಯಿಗಳು ತೆರಬೇಕಾದ ಬೆಲೆಯನ್ನು ಮೊದಲೇ ಲೆಕ್ಕ ಹಾಕದ ಮುಂದಾಳು ಎಷ್ಟು ಪ್ರಾಮಾಣಿಕನಾಗಿದ್ದರೂ ಅಪಾಯಕಾರಿಯೇ. ಕಾರ್ನಾಡರ ಬಿಗಿಹಿಡಿದ ಅಭಿನಯ ಈ ಅಂಶವನ್ನು ಚೆನ್ನಾಗಿ ತೋರುತ್ತದೆ. ಅವರ ರಾವ್ ಒಳ್ಳೆಯವನು, ಜನರೊಡನೆ ಬೆರೆಯಲು ಬಯಸುವವನು, ಆದರೂ ಅತಿಥಿ.

ಬಿಂದುವಿನ (ಸ್ಮಿತಾ ಪಾಟೀಲ್) ವಿಷಯದಲ್ಲಿ ಚಿತ್ರದ ಮೇಲೆ ನನ್ನ ಮೊದಲ ಆಕ್ಷೇಪ. ಡಾಕ್ಟರನನ್ನು ಮೊದಲು ನಂಬಿದವಳು ಅವಳು. ಮೋಸದಿಂದ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡು ಅವನ ಮೇಲೆ ಸುಳ್ಳು ಆರೋಪ ಹೊರಿಸುತ್ತಾರೆ. ಓದು ಬರದವಳ ಈ ಸಂಕಟವನ್ನು ಕೇಳುವವರು ಯಾರೂ ಇಲ್ಲ. ಸ್ಮಿತಾರ ಕಣ್ಣುಗಳು ಕೇಳುವ ಪ್ರಶ್ನೆಗೆ ಚಿತ್ರಕಥೆ ಉತ್ತರ ಕೊಡುವುದಿಲ್ಲ.

ಎರಡನೆಯ ಆಕ್ಷೇಪ ಇತಿಹಾಸಕ್ಕೆ ಸಂಬಂಧಿಸಿದ್ದು. ಖೇಡಾ ಜಿಲ್ಲೆಯ ಹಾಲು ಮುಂಬಯಿಗೆ ಬರುತ್ತಿದ್ದ ಕಾಲದಲ್ಲಿ, ಪೋಲ್ಸನ್ ಡೇರಿಯ ಏಕಸ್ವಾಮ್ಯದ ವಿರುದ್ಧ ರೈತರು 15 ದಿನ ಹಾಲು ನಿಲ್ಲಿಸಿದರು. ಅವರ ಒಕ್ಕೂಟ ನೋಂದಣಿಯಾದದ್ದು 1946ರ ಡಿಸೆಂಬರ್ 14ರಂದು. ಅದರ ಅಧ್ಯಕ್ಷರು ಅದೇ ಸೀಮೆಯ ತ್ರಿಭುವನದಾಸ್ ಪಟೇಲರು. ಕುರಿಯನ್ ಆಣಂದಕ್ಕೆ ಬಂದದ್ದು 1949ರಲ್ಲಿ. ಹೊರಟು ನಿಂತ ಅವರನ್ನು ಉಳಿಸಿಕೊಂಡವರೂ ಪಟೇಲರೇ. ಅಂದರೆ ಅಲ್ಲಿ ಸಂಘ ಮೊದಲು ಹುಟ್ಟಿತು, ತಜ್ಞ ಆಮೇಲೆ ಬಂದ. ಚಿತ್ರ ಈ ಕ್ರಮವನ್ನು ತಿರುಗಿಸಿ, ಪಟ್ಟಣದಿಂದ ಬಂದವನನ್ನು ನಡುವೆ ನಿಲ್ಲಿಸುತ್ತದೆ. ಕಥೆಗೆ ಇದು ಅನುಕೂಲವಿದ್ದೀತು. ಆದರೆ ಊರಿನವರೇ ಆದ ಮುಂದಾಳು ತೆರೆಯ ಮೇಲಿನಿಂದ ಬಹುಕಾಲ ಮರೆಯಾಗಿ ಉಳಿಯುತ್ತಾನೆ.

‘ಬಹುಕಾಲ’ ಎಂದೆ, ‘ಪೂರ್ತಿಯಾಗಿ’ ಎನ್ನಲಿಲ್ಲ. ಏಕೆಂದರೆ ಕೊನೆಯ ದೃಶ್ಯಗಳಲ್ಲಿ ಬೆನೆಗಲ್ ಲೆಕ್ಕ ಸರಿಪಡಿಸುತ್ತಾರೆ. ಡಾಕ್ಟರರು ಹೋದ ಮೇಲೆ ಸಂಘದ ಬಾಗಿಲು ಮುಚ್ಚಬೇಕಿತ್ತು. ಆದರೆ ಭೋಲಾ, ಅಂದರೆ ಅವರನ್ನು ಎಲ್ಲರಿಗಿಂತ ಹೆಚ್ಚು ಅನುಮಾನಿಸಿದ್ದವನು, ಊರವರನ್ನು ಕರೆಯುತ್ತಾನೆ. ಬಂದವರು ಕೆಲವರಷ್ಟೇ. ಅಷ್ಟು ಜನರ ಹಾಲೇ ಆ ದಿನದ ವಿಜಯ.

ಸಂಘ-ಸಂಸ್ಥೆಗಳನ್ನು ಕಟ್ಟಿಕೊಂಡು ಪರಊರಿನಲ್ಲಿ ಬಾಳುತ್ತಿರುವ ನಾವು ಈ ದೃಶ್ಯವನ್ನು ಗಮನವಿಟ್ಟು ನೋಡಬೇಕು. ಹೌದಪ್ಪಗಳು ಸಾಹೇಬರ ಹಿಂದೆಯೇ ಮಾಯವಾಗುತ್ತಾರೆ. ಜಗಳವಾಡಿ, ಪರೀಕ್ಷಿಸಿ, ಕೊನೆಗೆ ‘ಇದು ನಮ್ಮದು’ ಎಂದು ಒಪ್ಪಿದವನೇ ಬೀಗದ ಕೈ ಹಿಡಿಯುವವನು. ಅಂಥವನೊಬ್ಬನನ್ನು ಗುರುತಿಸಿ, ಅವನ ಕೋಪವನ್ನು ಸಹಿಸಿ ಬೆಳೆಸುವುದಕ್ಕಿಂತ ದೊಡ್ಡ ಕೆಲಸ ಯಾವ ಮುಂದಾಳುವಿಗೂ ಇರಲಾರದು.