ಹೊಟ್ಟೆ ಬಿಗಿತಕ್ಕೆ ಬ್ಯಾಕ್ಟೀರಿಯವೇ ಕಾರಣವೇ?

ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಪಾಳಿಯಲ್ಲಿ ದುಡಿಯುವ ಪರಿಚಿತರೊಬ್ಬರು ಈಚೆಗೆ ನನಗೊಂದು ರಕ್ತಪರೀಕ್ಷೆಯ ವರದಿ ತೋರಿಸಿದರು. ಊಟವಾದೊಡನೆ ಹೊಟ್ಟೆ ಬಿಗಿದುಕೊಳ್ಳುವುದು ಅವರ ತೊಂದರೆ. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯದ ವಿರುದ್ಧ ಪ್ರತಿಕಾಯಗಳಿವೆ ಎಂದು ವರದಿ ಹೇಳುತ್ತಿತ್ತು. "ಕಾರಣ ಸಿಕ್ಕಿತು ಸಾರ್" ಎಂದರು. ಬಿಗಿತವಿದೆ, ಬ್ಯಾಕ್ಟೀರಿಯವಿದೆ, ಆದ್ದರಿಂದ ಇದರಿಂದಲೇ ಅದು ಎಂಬ ಈ ತರ್ಕ ಇಂದು ಬಹಳ ಕಡೆ ಕೇಳಿಬರುತ್ತದೆ. ನಾನು ವೈದ್ಯನಲ್ಲ, ಭೌತವಿಜ್ಞಾನದ ಅಧ್ಯಾಪಕ. ಆದರೆ ಅಳತೆಯಿಂದ ತೀರ್ಮಾನಕ್ಕೆ ಬರುವ ನಿಯಮ ಎಲ್ಲ ವಿಜ್ಞಾನಗಳಿಗೂ ಒಂದೇ.

ಈ ಬ್ಯಾಕ್ಟೀರಿಯ ಕಟ್ಟುಕಥೆಯಲ್ಲ. ಆಸ್ಟ್ರೇಲಿಯದ ಪರ್ತ್‌ನಲ್ಲಿ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ 1982ರಲ್ಲಿ ಇದನ್ನು ಬೆಳೆಸಿದರು. 1984ರಲ್ಲಿ ಮಾರ್ಷಲ್ ತಾವೇ ಇದನ್ನು ಕುಡಿದು ಜಠರದ ಉರಿಯೂತ ತರಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಬಂದಿತು. ಜಠರದ ಹುಣ್ಣಿಗೆ, ಕೆಲವರಲ್ಲಿ ಕ್ಯಾನ್ಸರಿಗೆ, ಇದು ಕಾರಣವೆಂಬುದು ಸಿದ್ಧವಾಗಿದೆ. ಪ್ರಶ್ನೆ ಇರುವುದು ಬಿಗಿತದ ಬಗೆಗೆ.

ಮೊದಲು ಎಣಿಕೆಯನ್ನು ನೋಡಿ. ನಮ್ಮ ದೇಶದ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಈ ಬ್ಯಾಕ್ಟೀರಿಯವಿದೆ. ಬಹುಪಾಲು ಜನಕ್ಕೆ ಯಾವ ತೊಂದರೆಯೂ ಇಲ್ಲ. ದಾಬಸ್‌ಪೇಟೆಯ ಬಸ್ ನಿಲ್ದಾಣದಲ್ಲಿ ಆರೋಗ್ಯವಾಗಿ ನಿಂತಿರುವ ನೂರು ಮಂದಿಯನ್ನು ಪರೀಕ್ಷಿಸಿದರೂ ಐವತ್ತಕ್ಕೆ ಮೇಲ್ಪಟ್ಟು ಮಂದಿಯಲ್ಲಿ ಅದು ಸಿಗಬಹುದು. ಹೀಗಿರುವಾಗ ಬಿಗಿತವಿರುವ ಒಬ್ಬರಲ್ಲಿ ಅದು ಸಿಕ್ಕಿದ್ದರಿಂದ ಏನು ಸಾಬೀತಾದಂತಾಯಿತು?

ಎರಡನೆಯದಾಗಿ, ರಕ್ತಪರೀಕ್ಷೆ ಅಳೆಯುವುದು ಬ್ಯಾಕ್ಟೀರಿಯವನ್ನಲ್ಲ, ಪ್ರತಿಕಾಯವನ್ನು. ಸೋಂಕು ವಾಸಿಯಾದ ಮೇಲೂ ಪ್ರತಿಕಾಯ ಬಹುಕಾಲ ಉಳಿಯುತ್ತದೆ. ಈಗಿನ ಸೋಂಕು ತಿಳಿಯಲು ಉಸಿರಿನ ಪರೀಕ್ಷೆ ಉತ್ತಮ. ವಿಕಿರಣಶೀಲವಲ್ಲದ ಕಾರ್ಬನ್-13 ಸೇರಿಸಿದ ಯೂರಿಯಾವನ್ನು ಕುಡಿಸುತ್ತಾರೆ. ಬ್ಯಾಕ್ಟೀರಿಯದ ಯೂರಿಯೇಸ್ ಕಿಣ್ವ ಅದನ್ನು ಒಡೆದರೆ, ಉಸಿರಿನ ಇಂಗಾಲದ ಡೈಆಕ್ಸೈಡಿನಲ್ಲಿ ಕಾರ್ಬನ್-13ರ ಪಾಲು ಏರುತ್ತದೆ. ಆದರೆ ಆಮ್ಲ ತಗ್ಗಿಸುವ ಒಮೆಪ್ರಜೋಲ್ ಬಗೆಯ ಗುಳಿಗೆಗಳನ್ನು ಎರಡು ವಾರ, ಪ್ರತಿಜೈವಿಕಗಳನ್ನು ನಾಲ್ಕು ವಾರ ಮೊದಲೇ ನಿಲ್ಲಿಸಿರಬೇಕು. ಇಲ್ಲವಾದರೆ ಇರುವ ಸೋಂಕೂ ಇಲ್ಲವೆಂದು ತೋರಬಹುದು.

ಹಾಗಾದರೆ ಸಂಬಂಧವೇ ಇಲ್ಲವೇ? ಇದೆ, ಆದರೆ ಸಣ್ಣದು. ಹುಣ್ಣಿಲ್ಲದ ಅಜೀರ್ಣದವರ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿದಾಗ, ಸುಮಾರು 14 ಮಂದಿಯ ಸೋಂಕನ್ನು ನಿವಾರಿಸಿದರೆ ಒಬ್ಬರು ಹೆಚ್ಚುವರಿಯಾಗಿ ಗುಣ ಹೊಂದುತ್ತಾರೆ ಎಂದು ಕಂಡುಬಂದಿದೆ. ಆ ಒಬ್ಬರಿಗೆ ಅದು ದೊಡ್ಡ ಲಾಭವೇ ಸರಿ. ಉಳಿದವರ ಬಿಗಿತಕ್ಕೆ ಬೇರೆ ಕಾರಣ ಹುಡುಕಬೇಕು. ಹೊತ್ತುಗೊತ್ತಿಲ್ಲದ ಊಟ, ಮಲಬದ್ಧತೆ, ಕರುಳಿನ ಅತಿಸಂವೇದನೆ ಅವುಗಳಲ್ಲಿ ಕೆಲವು.

ಕೊನೆಯದು ಪದದ ಗೊಂದಲ, ಅಪಾಯವಿರುವುದೂ ಇಲ್ಲಿಯೇ. 'ಬಿಗಿತ' ಎಂದು ನಾವು ಎರಡು ಬೇರೆ ಸಂಗತಿಗಳನ್ನು ಕರೆಯುತ್ತೇವೆ. ಒಂದು, ಒಳಗೆ ಉಬ್ಬರಿಸಿದ ಅನುಭವ. ಅಲ್ಲಿ ಕೈಯಿಂದ ಒತ್ತಿದರೆ ಹೊಟ್ಟೆ ಸಾಮಾನ್ಯವಾಗಿ ಬಗ್ಗುತ್ತದೆ. ಇನ್ನೊಂದು, ಹಠಾತ್ ತೀವ್ರ ನೋವಿನೊಡನೆ ಹೊಟ್ಟೆಯ ಸ್ನಾಯುಗಳು ಹಲಗೆಯಂತೆ ಗಡುಸಾಗುವುದು. ಜಠರದ ಹುಣ್ಣು ತೂತು ಬಿದ್ದಾಗ, ಅಥವಾ ಟೈಫಾಯಿಡ್ ಜ್ವರದಲ್ಲಿ ಕರುಳು ತೂತಾದಾಗ, ಹೀಗಾಗಬಹುದು. ಬ್ಯಾಕ್ಟೀರಿಯಕ್ಕೂ ಗಡುಸಿಗೂ ನಿಜವಾದ ಕೊಂಡಿ ಇರುವುದು ಇಂಥಲ್ಲಿ. ಆಗ ಗುಳಿಗೆ ನುಂಗಿ ಬೆಳಗಿನವರೆಗೆ ಕಾಯುವಂತಿಲ್ಲ. ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಕೂಡಲೇ ಹೋಗಬೇಕು.

ನನ್ನ ಪರಿಚಿತರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ವರದಿ ಹಿಡಿದು ನೇರವಾಗಿ ಔಷಧದಂಗಡಿಗೆ ಹೋಗಬೇಡಿ. ಅರೆಬರೆ ಪ್ರತಿಜೈವಿಕ ಸೇವನೆಯಿಂದ ಬ್ಯಾಕ್ಟೀರಿಯ ಔಷಧಕ್ಕೆ ಬಗ್ಗದಂತಾಗುತ್ತದೆ. ತೂಕ ಇಳಿದಿದ್ದರೆ, ಮಲ ಕಪ್ಪಾಗಿದ್ದರೆ, ರಕ್ತವಾಂತಿಯಾದರೆ ತಡಮಾಡದೆ ವೈದ್ಯರನ್ನು ಕಾಣಿ. ಇಲ್ಲವಾದಲ್ಲಿ, 'ಸೋಂಕು ಈಗಲೂ ಇದೆಯೇ? ನನ್ನ ತೊಂದರೆಗೆ ಅದೇ ಕಾರಣವೇ?' ಎಂಬ ಎರಡು ಪ್ರಶ್ನೆಗಳನ್ನು ವೈದ್ಯರ ಮುಂದೆ ಇಡಿ. ಇವೆರಡೂ ಒಂದೇ ಪ್ರಶ್ನೆಯಲ್ಲ.